ರಿಯುಲ್ ನುಂಗದವಳು

“ಇನ್ನೊಂದು ಸಲ ಹಾಕ್ತೀನಿ. ಈ ಸಲ ಕಿವಿಗೊಟ್ಟು ಕೇಳು,” ಎಂದು ಇನ್ಸ್‌ಪೆಕ್ಟರ್ ಗ್ವಾಕ್ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ.

ಸೊಲ್ಮೆ ತಲೆ ಎತ್ತಲಿಲ್ಲ. ಅವಳ ಮುಂದೆ ಚೀಲದಂಥ ಮೈಯ ಬೊಂಡಾಸ್ ಮೀನುಗಳ ರಾಶಿ. ಒಂದೊಂದರ ಹೊಟ್ಟೆಗೂ ಅನ್ನ, ಸೊಪ್ಪು ತುಂಬಿ, ಬಾಯಿಗೆ ಕಡ್ಡಿ ಚುಚ್ಚಿ ಬುಟ್ಟಿಗೆ ಹಾಕುತ್ತಿದ್ದಳು. ಹೋಟೆಲಿನ ಬಾಗಿಲಲ್ಲಿ ಪೊಲೀಸ್ ಜೀಪು ನಿಂತಿದೆ ಎಂದು ಮಧ್ಯಾಹ್ನದ ಗಿರಾಕಿಗಳು ಹಸಿವು ಬಿಟ್ಟುಕೊಡುತ್ತಾರೆಯೇ?

ಟೇಪು ಕರಕರ ಎಂದಿತು. ಬಾಯಿಗೆ ಬಟ್ಟೆ ಹಿಡಿದು ಆಡಿದಂಥ ನಯವಾದ ಪಿಸುಮಾತು. ಗಂಡೋ ಹೆಣ್ಣೋ ಹೇಳಲು ಬರುವಂತಿರಲಿಲ್ಲ.

“ರೇಇಲ್. ಬೆಳಗಾಗೋಕೆ ಮುಂಚೆ. ತೆಪ್ಪದ ಹತ್ತಿರ.”

ಅಷ್ಟೇ. ಬಾ ಎಂದೂ ಇಲ್ಲ, ಬನ್ನಿ ಎಂದೂ ಇಲ್ಲ. ತೆಪ್ಪ ಎಳೆಯುವ ಜು ತಾತನ ಮನೆಯ ಫೋನಿನ ಟೇಪಿನಲ್ಲಿ ಈ ಮಾತು ಉಳಿದಿತ್ತು. ಮಾರನೆಯ ಬೆಳಗ್ಗೆ ತಾತ ಹಣೆಗೆ ಪೆಟ್ಟು ಬಿದ್ದು ಕಾಲುವೆಯಲ್ಲಿ ಹೆಣವಾಗಿ ತೇಲುತ್ತಿದ್ದ.

“ಈಗ ನೀನು ಹೇಳು,” ಗ್ವಾಕ್ ಖಾಲಿ ಕ್ಯಾಸೆಟ್ ಒಂದನ್ನು ಮಣೆಯ ಮೇಲಿಟ್ಟ. “ಮೊದಲನೇ ಪದ ಒಂದೇ ಸಾಕು.”

“ಹೇಳಲ್ಲ.”

“ಯಾಕೆ? ಹೆದರಿಕೆನಾ?”

“ಹೆದರಿಕೆ ಇದ್ದಿದ್ರೆ ಉತ್ತರ ಬಿಟ್ಟು ದುಮಾನ್ ಹೊಳೆ ದಾಟ್ತಿರಲಿಲ್ಲ ಸಾಹೇಬರೇ. ಕತ್ತಿನ ಮಟ್ಟ ನೀರಿತ್ತು.” ಇನ್ನೊಂದು ಮೀನಿಗೆ ಕಡ್ಡಿ ಚುಚ್ಚಿದಳು. “ಅದು ನಾನು ದಿನಾ ಆಡೋ ಮಾತು. ಮೀನಿನವನಿಗೆ ಹೇಳ್ತೀನಿ, ಅಂಗಡಿಯವಳಿಗೆ ಹೇಳ್ತೀನಿ. ಬೇಕಾದ್ರೆ ಇಲ್ಲೇ ಕೂತು ಮೂರು ಹೊತ್ತು ಕೇಳಿಸ್ಕೊಳ್ಳಿ. ಕೊಲೆಗಾತಿಯ ಗುರುತು ಕೊಡೋ ಹಾಗೆ ಹೇಳು ಅಂದ್ರೆ ಮಾತ್ರ ಹೇಳಲ್ಲ.”

ಗ್ವಾಕ್ ನನ್ನ ಕಡೆ ನೋಡಿದ. ನಾನು ಪೊಲೀಸ್ ಕೆಲಸದಲ್ಲಿದ್ದಾಗ ನನ್ನ ಕೈಕೆಳಗೆ ಕಲಿತ ಹುಡುಗ. ಈಗ ನಾನು ಕೆಲಸ ಬಿಟ್ಟು, ಕಳೆದುಹೋದ ನೆಂಟರನ್ನು ಹುಡುಕಿಕೊಡುವ ಸಣ್ಣ ಕಚೇರಿ ಇಟ್ಟುಕೊಂಡಿದ್ದೇನೆ. ಸೊಕ್ಚೊದ ಈ ಅಬಾಯ್ ಕೇರಿಯಲ್ಲಿ ಅದಕ್ಕೆ ಬರಗಾಲವಿಲ್ಲ. ಎಲ್ಲರಿಗೂ ಗಡಿಯಾಚೆ, ಉತ್ತರದಲ್ಲಿ, ಒಬ್ಬರಾದರೂ ಕಳೆದುಹೋಗಿದ್ದಾರೆ.

“ಹೇಸಿಮ್ ಅಕ್ಕ, ನೀವಾದ್ರೂ ಇವಳಿಗೆ ಬುದ್ಧಿ ಹೇಳಿ,” ಎಂದ.

“ಬುದ್ಧಿ ಇರೋರಿಗೆ ಹೇಳೋದು ಏನಿದೆ ತಮ್ಮ? ನಿನಗೆ ಬೇಕಾದ್ರೆ ಸ್ವಲ್ಪ ಹೇಳ್ತೀನಿ.”

ನಮ್ಮ ಅಕ್ಷರಗಳಲ್ಲಿ ರಿಯುಲ್ ಎಂಬ ಒಂದು ವ್ಯಂಜನವಿದೆ. ಬಡಗಿ ಮಡಚಿಟ್ಟ ಅಳತೆಪಟ್ಟಿಯ ಹಾಗೆ, ㄹ ಎಂದು ಬರೆಯುತ್ತೇವೆ. ಮಹಾ ಬೆರಕಿ ಅಕ್ಷರ. ಪದದ ನಡುವೆ ಕೂತರೆ ರ ಎನ್ನುತ್ತದೆ, ಕೊನೆಯಲ್ಲಿ ಕೂತರೆ ಲ ಎನ್ನುತ್ತದೆ. ಪದದ ತಲೆಯಲ್ಲಿ ಬಂದರೆ ಮಾತ್ರ ದಕ್ಷಿಣದ ನಾವು ಅದನ್ನು ನುಂಗಿಬಿಡುತ್ತೇವೆ, ಇಲ್ಲವೇ ನ ಮಾಡಿಕೊಳ್ಳುತ್ತೇವೆ. ನಾಳೆ ಎನ್ನಲು ನಾವು ನೇಇಲ್ ಎಂದರೆ ಉತ್ತರದವರು ರೇಇಲ್ ಎನ್ನುತ್ತಾರೆ. ನಮ್ಮಲ್ಲಿ ಇ ಎನ್ನುವ ಮನೆತನ ಗಡಿಯಾಚೆ ರಿ ಆಗುತ್ತದೆ.

ಹಾಗೆಂದು ಅಬಾಯ್ ಕೇರಿಯ ಮುದುಕರೆಲ್ಲ ಹೀಗೆ ಮಾತಾಡುತ್ತಾರೆ ಎಂದುಕೊಳ್ಳಬೇಡಿ. ಅವರೂ ಉತ್ತರದವರೇ. ಆದರೆ ಉತ್ತರ ದಕ್ಷಿಣ ಕಾದಾಡಿದ ಯುದ್ಧದ ಚಳಿಗಾಲದಲ್ಲಿ ಹಡಗು ಹತ್ತಿ ಬಂದವರು. ಪದದ ತಲೆಯಲ್ಲಿನ ರಿಯುಲ್ಲನ್ನು ಎಲ್ಲರ ಬಾಯಲ್ಲೂ ಗಟ್ಟಿಯಾಗಿ ಆಡಿಸುವ ಪಾಠ ಅಲ್ಲಿ ಶುರುವಾದದ್ದು ಆಮೇಲೆ. ಆ ಪಾಠ ಕಲಿತು, ಹೊಳೆ ದಾಟಿ, ಈ ಕೇರಿಗೆ ಬಂದವಳು ಒಬ್ಬಳೇ, ಸೊಲ್ಮೆ. ಗ್ವಾಕ್‌ನ ಲೆಕ್ಕ ಅಷ್ಟು ಸಲೀಸಾಗಿತ್ತು. ಸಲೀಸಾದ ಲೆಕ್ಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

“ಜು ತಾತ ಇದೇ ಹೋಟೆಲಲ್ಲಿ, ಎಲ್ಲರ ಮುಂದೆ ನಿನ್ನ ಮೇಲೆ ಲೋಟ ಎಸೆದ. ಹೌದೋ ಅಲ್ವೋ?” ಗ್ವಾಕ್ ಕೇಳಿದ.

“ಎಸೆದ್ರು.”

“ಯಾಕೆ?”

“ನನ್ನ ಹೆಸರು ಕೇಳಿದ್ರು. ರಿ ಸೊಲ್ಮೆ ಅಂದೆ. ‘ಆ ಅಕ್ಷರ ನುಂಗು ಹುಡುಗಿ, ನೀನು ಅದನ್ನ ನುಂಗದಿದ್ರೆ ಅದೇ ನಿನ್ನ ನುಂಗುತ್ತೆ’ ಅಂದ್ರು. ಅಂದವರು ನಡುಗ್ತಾ ಇದ್ರು.”

“ನೀನೇನಂದೆ?”

“ಚೂರು ಗುಡಿಸಿ, ಬೇರೆ ಲೋಟದಲ್ಲಿ ಸಾರಾಯಿ ಕೊಟ್ಟೆ. ತಾತ, ನನ್ನ ಮೀನು ನುಂಗಿ, ಸಾರಾಯಿ ನುಂಗಿ, ನನ್ನ ಹೆಸರು ಮಾತ್ರ ನುಂಗೋಕೆ ಬರಬೇಡಿ ಅಂದೆ.”

“ನೋಡಿ, ಜಗಳ ಇತ್ತು,” ಗ್ವಾಕ್ ನನಗೆ ಹೇಳಿದ.

“ಇದು ಜಗಳ ಆದ್ರೆ ನಿನ್ನ ಹೆಂಡತಿ ನಿನ್ನ ಮೇಲೆ ದಿನಾ ಕೊಲೆ ಕೇಸು ಹಾಕಬೇಕು.”

ಅವನು ನಗಲಿಲ್ಲ. ಮೇಲಿನವರು ಅವನ ಬೆನ್ನು ಹತ್ತಿರಬೇಕು. ಸೊಲ್ಮೆಯನ್ನು ಇವತ್ತೇ ಠಾಣೆಗೆ ಒಯ್ಯುವುದೆಂದು ಅವನು ಮೊದಲೇ ನಿರ್ಧರಿಸಿಕೊಂಡು ಬಂದಿದ್ದ. ಉತ್ತರದಿಂದ ಒಂಟಿಯಾಗಿ ಬಂದ ಹೆಂಗಸು, ಹಿಂದಿಲ್ಲ ಮುಂದಿಲ್ಲ. ಕೊಲೆಗಾತಿ ಎಂದು ಒಮ್ಮೆ ಹಣೆಗೆ ಬರೆದರೆ ಅಳಿಸುವವರು ಯಾರು? ಜೈಲಿಗೆ ಹೋದವಳನ್ನು ಜನ ಆರು ತಿಂಗಳಲ್ಲಿ ಮರೆಯುತ್ತಾರೆ.

ಸೊಲ್ಮೆ ಕೈ ತೊಳೆದುಕೊಂಡಳು. “ಬರ್ತೀನಿ. ಆದ್ರೆ ಇವತ್ತು ಒಂಬತ್ತನೇ ತಿಂಗಳ ಒಂಬತ್ತು. ಅಪ್ಪನಿಗೆ ಎಡೆ ಇಟ್ಟು ಬರ್ತೀನಿ. ಅದಕ್ಕೆ ಅಡ್ಡ ಬಂದ್ರೆ ನಿಮ್ಮ ಜೀಪಿನ ಮುಂದೆ ಮಲಗ್ತೀನಿ, ಮೈಮೇಲೆ ಹತ್ತಿಸ್ಕೊಂಡು ಹೋಗಿ.”

ಗ್ವಾಕ್ ಗಡ್ಡ ಕೆರೆದುಕೊಂಡ. ಸತ್ತ ದಿನ ಗೊತ್ತಿಲ್ಲದವರಿಗೆ ಎಡೆ ಇಡುವ ದಿನ ಅದು. ನಮ್ಮ ಕೇರಿಯಲ್ಲಿ ಅರ್ಧಕ್ಕರ್ಧ ಮನೆಗಳ ಸತ್ತವರಿಗೆ ದಿನವೇ ಇಲ್ಲ. ಗಡಿಯಾಚೆ ಯಾವತ್ತು ಕಣ್ಣು ಮುಚ್ಚಿದರೋ ಹೇಳುವವರು ಯಾರು? ಹಾಗಾಗಿ ಎಲ್ಲರೂ ಅವತ್ತು ದಡದ ಮೇಲೆ, ಉತ್ತರಕ್ಕೆ ಮುಖ ಮಾಡಿ ಎಡೆಯ ಮಣೆ ಇಡುತ್ತಾರೆ. ಆ ಹೊತ್ತಿನಲ್ಲಿ ಒಬ್ಬಳನ್ನು ಮಣೆಯಿಂದ ಎಳೆದೊಯ್ದರೆ ಮುದುಕಿಯರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

“ಎಡೆ ಮುಗಿದ ತಕ್ಷಣ,” ಎಂದು ಹೇಳಿ ಜೀಪಿನ ಕಡೆ ನಡೆದ.

ಸೊಲ್ಮೆ ಗೋಡೆಯ ಕಪಾಟಿನಿಂದ ಒಂದು ನೀಲಿ ಅಂಚಿನ ತಟ್ಟೆ ತೆಗೆದಳು. ಅದಕ್ಕೆ ನವಣೆ ಬೆರೆಸಿ ಹುಳಿ ಬರಿಸಿದ ನಂಗು ಮೀನಿನ ಉಪ್ಪಿನಕಾಯಿ ಬಡಿಸಿ, ಬಟ್ಟೆ ಮುಚ್ಚಿ ನನ್ನ ಕೈಗಿಟ್ಟಳು.

“ಗಾಂಗ್‌ನುಂಗ್ ಅತ್ತಿಗೆಗೆ ಕೊಟ್ಟುಬಿಡಿ ಅಕ್ಕ. ಬೇಸಿಗೆಯಿಂದ ಇಲ್ಲೇ ಇದೆ. ಖಾಲಿ ತಟ್ಟೆ ಹಿಂದಕ್ಕೆ ಕೊಡಬಾರದು ಅಂತ ಇಟ್ಕೊಂಡಿದ್ದೆ. ಇನ್ನು ನಾನು ಯಾವಾಗ ವಾಪಸ್ ಬರ್ತೀನೋ.”

ಗಾಂಗ್‌ನುಂಗ್ ಊರಿನಿಂದ ಮದುವೆಯಾಗಿ ಬಂದ ಆಕೆ, ನಮ್ಮ ಕೇರಿಯ ಸಂಘದ ಅಧ್ಯಕ್ಷ ಪ್ಯೊ ಚಿಕ್ಕಪ್ಪನ ಹೆಂಡತಿ.

“ಏನು ಕೊಟ್ಟಿದ್ಲು ಇದರಲ್ಲಿ?”

“ಎಡೆ ಊಟ. ತಿಥಿ ಮಾಡಿದ ಮಾರನೇ ಬೆಳಗ್ಗೆ ಕೇರಿಗೆಲ್ಲ ಹಂಚ್ತಾರಲ್ಲ. ಪ್ರತಿ ವರ್ಷ ಅದೇ ಸೆಕೆಗಾಲದಲ್ಲೇ.”

“ಅವಳ ತವರಿನವರದ್ದು ಇರಬೇಕು.”

“ಅಲ್ಲ ಅಕ್ಕ. ನಾನು ಕೇಳಿದ್ದೆ. ಅತ್ತೆಯದ್ದು ಅಂದ್ರು.”

ನಾನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ಆ ಎಡೆ ಊಟವನ್ನು ನಾನೂ ವರ್ಷ ವರ್ಷ ತಿಂದಿದ್ದೆ. ಒಣಮೀನಿನ ಪಲ್ಯ ಚೆನ್ನಾಗಿತ್ತು ಎಂದು ಹೊಗಳಿಯೂ ಇದ್ದೆ. ಮನೆಗೆ ಬಂದ ಊಟಕ್ಕೆ ಯಾರು ಪ್ರಶ್ನೆ ಕೇಳುತ್ತಾರೆ? ಹೊರಗಿನಿಂದ ಬಂದವಳಾದ್ದರಿಂದ ಸೊಲ್ಮೆ ಕೇಳಿದ್ದಳು.

ಪ್ಯೊ ಚಿಕ್ಕಪ್ಪನ ಕಥೆ ಈ ಕೇರಿಯ ಮಕ್ಕಳಿಗೂ ಬಾಯಿಪಾಠ. ಯುದ್ಧದಲ್ಲಿ, ಹತ್ತು ವರ್ಷದವನಿದ್ದಾಗ, ಉತ್ತರದ ಹುಂಗ್ನಾಮ್ ಬಂದರಿನಲ್ಲಿ ತಾಯಿಯ ಕೈ ತಪ್ಪಿತು. ಹಡಗು ಹೊರಟಿತು, ತಾಯಿ ದಕ್ಕೆಯ ಮೇಲೆ ನಿಂತೇ ಇದ್ದಳು. ಅದೇ ಕೊನೆ, ಆಮೇಲೆ ಒಂದು ಸುದ್ದಿಯೂ ಇಲ್ಲ.

ಸುದ್ದಿಯೇ ಇಲ್ಲದ ತಾಯಿಗೆ ಸತ್ತ ದಿನ ಎಲ್ಲಿಂದ ಬಂತು?

“ಸೊಲ್ಮೆ,” ಎಂದೆ, “ಇವತ್ತು ನಿಧಾನಕ್ಕೆ ಎಡೆ ಇಡು. ಎಷ್ಟು ನಿಧಾನ ಆಗುತ್ತೋ ಅಷ್ಟು.”

“ಯಾಕಕ್ಕ?”

“ನಿನ್ನಪ್ಪನಿಗೆ ಹಸಿವು ಜಾಸ್ತಿ ಅಂದ್ಕೋ.”

ಅವಳ ಮುಖ ಚಿಕ್ಕದಾಯಿತು. ಅವಳಪ್ಪ ಹಸಿವಿನಿಂದಲೇ ಸತ್ತದ್ದು. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು. ಆದರೆ ಅವಳೇ ನನ್ನ ತೋಳು ತಟ್ಟಿ, “ಹೌದು, ಇವತ್ತು ಹೊಟ್ಟೆ ತುಂಬ ಉಣ್ಣಲಿ,” ಎಂದಳು.

ದಡದ ಮೇಲೆ ಆಗಲೇ ಮಣೆಗಳು ಸಾಲಾಗಿದ್ದವು. ಗಾಳಿಗೆ ಬತ್ತಿ ಆರುತ್ತಿತ್ತು, ಮುದುಕಿಯರು ಗಾಳಿಗೂ ಬೈಯುತ್ತಿದ್ದರು. ನಮ್ಮ ತಾತನ ಮಣೆಗೆ ನಾನು ಬೆಳಗ್ಗೆಯೇ ಹಣ್ಣು ಇಟ್ಟು ಹೋಗಿದ್ದೆ. ಪಕ್ಕದ ಕಾಲುವೆಯಲ್ಲಿ ತೆಪ್ಪ ಆಚೆ ದಡದಿಂದ ಈಚೆಗೆ ಬರುತ್ತಿತ್ತು. ಉಕ್ಕಿನ ಹಗ್ಗಕ್ಕೆ ಕೊಕ್ಕೆ ಹಾಕಿ ಎಳೆಯುತ್ತಿದ್ದವರು ನನ್ನ ಅಪ್ಪ. ಜು ತಾತ ಸತ್ತ ಮೇಲೆ ಜನ ದಾಟಬೇಕಲ್ಲ ಎಂದು, ಯಾರೂ ಕೇಳದೆ, ತಾವೇ ಹೋಗಿ ಕೊಕ್ಕೆ ಹಿಡಿದಿದ್ದರು.

ಅಪ್ಪ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎಂದು ಕೇರಿಯಲ್ಲಿ ತಮಾಷೆ. ನಾನು ಶಾಲೆಗೆ ಸೇರಿದ ವರ್ಷ ದೂರದ ಸಮುದ್ರಕ್ಕೆ ಟ್ಯೂನಾ ಹಿಡಿಯಲು ಹೋದವರು ಮರುವರ್ಷ ಬಂದರು. ಬಂದ ಮೇಲೆ ಹೂಂ, ಊಹೂಂ ಬಿಟ್ಟರೆ ಮಾತು ಕಡಿಮೆ. ಸಮುದ್ರ ಅಪ್ಪನ ನಾಲಿಗೆಯನ್ನು ಇಟ್ಟುಕೊಂಡು ಮನುಷ್ಯನನ್ನು ಕಳಿಸಿದೆ ಎಂದು ಅಮ್ಮ ಹೇಳುತ್ತಿದ್ದಳು.

ಪ್ಯೊ ಚಿಕ್ಕಪ್ಪ ಕಪ್ಪು ಕೋಟು ಹಾಕಿಕೊಂಡು ಅಲ್ಲಿ ಇಲ್ಲಿ ಓಡಾಡುತ್ತಿದ್ದ. ಒಬ್ಬರ ಮಣೆ ಸರಿಮಾಡುತ್ತಿದ್ದ, ಇನ್ನೊಬ್ಬರ ಬತ್ತಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅವನದೇ ಮಣೆ ಮಾತ್ರ ಎಲ್ಲೂ ಇರಲಿಲ್ಲ. ಅಧ್ಯಕ್ಷನಿಗೆ ಪುರುಸೊತ್ತಿಲ್ಲ ಎಂದು ನಾವೆಲ್ಲ ಇಷ್ಟು ವರ್ಷ ಸುಮ್ಮನಿದ್ದೆವು.

“ಚಿಕ್ಕಪ್ಪ, ನಿಮ್ಮ ಎಡೆ ಎಲ್ಲಿ?”

“ಮನೇಲಿ ಆಯ್ತು ಮಗಳೇ.” ಗಂಟಲು ಆಪರೇಷನ್ ಆದ ಮೇಲೆ ಅವನ ದನಿ ಗರಗಸದ ಹಾಗಾಗಿತ್ತು.

“ಯಾವಾಗ? ಬೇಸಿಗೇಲಾ?”

ಅವನ ಕಣ್ಣು ನನ್ನ ಕೈಯ ತಟ್ಟೆಯ ಮೇಲೆ ಬಿತ್ತು.

“ಎಷ್ಟು ಸಲ ಹೇಳಿದ್ದೆ ಅವಳಿಗೆ, ಹಂಚಬೇಡ ಅಂತ,” ಎಂದ. “ಹಂಚದೆ ಇದ್ರೆ ಅದು ಎಡೆ ಹೇಗಾಗುತ್ತೆ, ಅತ್ತೆ ಉಪವಾಸ ಇದ್ದ ಹಾಗೆ ಅಂತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಆದ್ರೂ ಅವಳು ಹೇಳಿದ್ದು ಸರಿಯೇ.”

“ದಕ್ಕೆಯ ಮೇಲೆ ಅಮ್ಮ ನಿಂತೇ ಇದ್ಲು ಅಂತ ಇಲ್ಲೇ ನಿಂತು ಅಳ್ತೀರಲ್ಲ ಚಿಕ್ಕಪ್ಪ. ಸತ್ತ ದಿನ ಯಾರು ಹೇಳಿದ್ರು?”

“ಕನಸಲ್ಲಿ ಬಂದು ಹೇಳಿದ್ಲು.”

“ತಾರೀಖು ಸಮೇತನಾ?”

ಅವನು ನಕ್ಕ. ನಗು ಬೇಗ ಮುಗಿಯಿತು. ಕೋಟಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿಕೊಂಡ.

“ಬೇರೆ ದಿನ ಇಡಬಹುದಿತ್ತು,” ಎಂದ. “ಇವತ್ತೇ ಇಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಮೊದಲ ವರ್ಷ ಇಲ್ಲೇ ಇಟ್ಟೆ. ಬಗ್ಗಿದೆ. ಅಮ್ಮ ಸತ್ತಿದ್ದು ಇವತ್ತಲ್ಲ, ನನಗೆ ಗೊತ್ತು. ಊಟ ಇಟ್ಟು ಬಾಗಿಲು ಹಾಕಿದ ಹಾಗಾಯ್ತು. ಹೆತ್ತವಳಿಗೆ ಸುಳ್ಳು ದಿನ ಉಣ್ಣಿಸೋಕೆ ನನ್ನ ಕೈಲಿ ಆಗ್ಲಿಲ್ಲ ಹೇಸಿಮ್. ಬೇರೆ ಯಾವ ಸುಳ್ಳು ಬೇಕಾದ್ರೂ ಹೇಳಿದೀನಿ.”

“ಯಾರು ಹೇಳಿದ್ರು?”

ಹಿಂದಿನಿಂದ ಬೂಟಿನ ಸದ್ದು ಬಂತು. ಗ್ವಾಕ್ ಬಂದು ನಿಂತಿದ್ದ. ನಾನು ಚಿಕ್ಕಪ್ಪನನ್ನು ಪಕ್ಕಕ್ಕೆ ಕರೆಯಲು ಹೋದೆ. ಅವನು ನನ್ನ ಕೈ ಬಿಡಿಸಿಕೊಂಡ.

“ಇರಲಿ. ಅವನ ಮುಂದೆಯೇ ಹೇಳ್ತೀನಿ. ಇಷ್ಟು ವರ್ಷ ಬೂಟಿನ ಸದ್ದು ಕೇಳಿದ್ರೆ ಮಂಚದ ಕೆಳಗೆ ಹೋಗೋ ಹಾಗಾಗ್ತಿತ್ತು. ಆ ಹುಡುಗಿ ಇಷ್ಟೇ ಇಷ್ಟು ಇದಾಳೆ, ಹೆದರಲ್ಲ ಅಂತಾಳೆ. ನಾನು ಮುದುಕ, ಇನ್ನು ಯಾವ ಸುಖಕ್ಕೆ ಹೆದರಲಿ?”

ಅವನು ನಿಂತಲ್ಲೇ ಹೇಳಿದ. ಬೇರೆ ಬಂದರಿನ ಬೊಂಡಾಸ್ ದೋಣಿಗೆ ಕೂಲಿಗೆ ಹೋಗಿದ್ದ. ಮಂಜು ಕವಿದಿತ್ತು. ಉತ್ತರದ ಪಹರೆ ಹಡಗು ಬಂದು ದೋಣಿಯನ್ನು ಎಳೆದೊಯ್ಯಿತು. ಒಂದು ವರ್ಷ ಅಲ್ಲೇ ಇಟ್ಟುಕೊಂಡರು.

“ನಮ್ಮೂರಿನ ಒಬ್ಬ ಅಜ್ಜಿಯನ್ನ ಕರ್ಕೊಂಡು ಬಂದು ತೋರಿಸಿದ್ರು. ಅವಳು ಹೇಳಿದ್ಲು, ಅಮ್ಮ ಜ್ವರ ಬಂದು ಹೋದ್ಲು, ಇಂಥ ದಿನ. ದಿನ ಹೇಳಿ ನನ್ನ ಕೈಯನ್ನ ಒಂದು ಸಲ ಒತ್ತಿದ್ಲು. ಅಷ್ಟೇ ನನಗೆ ಸಿಕ್ಕಿದ್ದು.”

“ಮತ್ತೆ ಉಳಿದ ದಿನ ಏನ್ಮಾಡಿಸಿದ್ರು?” ಗ್ವಾಕ್ ಕೇಳಿದ.

“ಪಾಠ. ಬೆಳಗೆದ್ದು ಸಾಲಾಗಿ ನಿಂತು ಒಪ್ಪಿಸಬೇಕು. ಪದದ ತಲೆಯಲ್ಲಿರೋ ರಿಯುಲ್ ನುಂಗಿದ್ರೆ ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಳ್ತು. ಆಮೇಲೆ ವಾಪಸ್ ಬಿಟ್ರು. ಈ ಕಡೆ ದಡಕ್ಕೆ ಬಂದ್ರೆ ಒಂದು ನೆಲಮಾಳಿಗೆ. ನಾಲ್ಕು ತಿಂಗಳು. ಬಾಯಿ ತಪ್ಪಿ ಒಂದು ರಿಯುಲ್ ಬಂದ್ರೂ ಏಟು. ಅಲ್ಲಿ ನುಂಗಿದ್ರೆ ಊಟ ಇಲ್ಲ, ಇಲ್ಲಿ ಆಡಿದ್ರೆ ಏಟು. ಒಂದು ಅಕ್ಷರಕ್ಕೆ ಎರಡು ದೇಶದಲ್ಲಿ ಪೆಟ್ಟು ತಿಂದವರು ನಾವು.”

ಗ್ವಾಕ್ ತನ್ನ ಬೂಟು ನೋಡಿಕೊಂಡ. ಅವನು ಆಗ ಹುಟ್ಟಿಯೂ ಇರಲಿಲ್ಲ.

“ಬಿಡುವಾಗ ಹೇಳಿ ಕಳಿಸಿದ್ರು, ಬಾಯಿ ಬಿಟ್ರೆ ನಿಮ್ಮ ಮಕ್ಕಳೂ ಗೂಢಚಾರರ ಮಕ್ಕಳೇ ಅಂತ. ಅದಕ್ಕೇ ಕೇರಿಗೆ ಬಂದು ದೂರದ ಸಮುದ್ರಕ್ಕೆ ಹೋಗಿದ್ವಿ ಅಂದ್ವಿ.”

ನನ್ನ ಕೈಯ ತಟ್ಟೆ ಭಾರವಾಯಿತು. ಅದನ್ನು ಪಕ್ಕದ ಮಣೆಯ ಮೇಲಿಟ್ಟೆ.

“ಅಂದ್ವಿ ಅಂದ್ರಿ,” ಗ್ವಾಕ್ ಮುಂದೆ ಬಂದ. “ನೀವು ಮತ್ತೆ ಯಾರು?”

“ಜು. ಅವನೂ ಆ ದೋಣಿಯಲ್ಲೇ ಇದ್ದ.”

ಜು ತಾತ ಯಾಕೆ ನಡುಗಿದ, ಯಾಕೆ ಲೋಟ ಎಸೆದ ಎಂಬುದು ನನಗೆ ಆಗ ತಿಳಿಯಿತು. ಅವನು ಸೊಲ್ಮೆಗೆ ಬೈದದ್ದಲ್ಲ, ಅವಳನ್ನು ಕಾಪಾಡಲು ಹೋಗಿದ್ದ. ತನಗೆ ಬಿದ್ದ ಏಟು ಅವಳಿಗೂ ಬೀಳುತ್ತದೆ ಎಂದು ಹೆದರಿದ್ದ.

“ಹಾಗಾದ್ರೆ ಟೇಪಿನಲ್ಲಿರೋದು ನಿಮ್ಮ ದನಿ,” ಎಂದ ಗ್ವಾಕ್.

ಚಿಕ್ಕಪ್ಪ ಬಾಯಿ ತೆರೆದು, ಆ ಗರಗಸದ ದನಿಯಲ್ಲಿ, ಕೇರಿಗೆಲ್ಲ ಕೇಳುವ ಹಾಗೆ ಹೇಳಿದ. “ರೇಇಲ್. ರೇಇಲ್. ರೇಇಲ್. ಹಾಕು ನಿನ್ನ ಟೇಪು, ಹೋಲಿಸಿ ನೋಡು. ಹೇಳೋಕೆ ಹೆದರ್ತೀನಿ ಅಂದ್ಕೊಂಡೆಯಾ?”

ಮಣೆಗಳ ಮುಂದೆ ಬಗ್ಗಿದ್ದ ತಲೆಗಳೆಲ್ಲ ಎದ್ದವು. ಗ್ವಾಕ್‌ಗೂ ಗೊತ್ತಾಯಿತು. ಈ ಗಂಟಲಿನಿಂದ ಆ ನಯವಾದ ಪಿಸುಮಾತು ಬರಲು ಸಾಧ್ಯವೇ ಇರಲಿಲ್ಲ.

“ಈ ಕೇರಿಯವರು ಆ ದೋಣಿಯಲ್ಲಿ ಇನ್ನೂ ಯಾರಿದ್ರು?”

“ಒಂದು ಹೆಸರು ಹೇಳಿಸೋಕೆ ನೆಲಮಾಳಿಗೆಯಲ್ಲಿ ನಾಲ್ಕು ತಿಂಗಳು ಹೊಡೆದ್ರು ತಮ್ಮ. ಯಾರ ತಲೆ ಮೇಲಾದ್ರೂ ಗೂಢಚಾರ ಅಂತ ಹಾಕು, ಬಿಟ್ಟುಬಿಡ್ತೀವಿ ಅಂದ್ರು. ನಾನು ಹಾಕಲಿಲ್ಲ, ಜು ಹಾಕಲಿಲ್ಲ, ಅವನೂ ಹಾಕಲಿಲ್ಲ. ನೀನು ಒಂದು ಟೇಪು ತಂದು ಕೇಳಿದ್ರೆ ಹೇಳ್ತೀನಾ?”

“ಚಿಕ್ಕಪ್ಪ,” ಎಂದೆ. “ದೂರದ ಸಮುದ್ರ ಅಂದ್ರೆ ಯಾವ ಸಮುದ್ರ?”

ಅವನು ನನ್ನ ಮುಖ ನೋಡಲಿಲ್ಲ. ಬಗ್ಗಿ, ಯಾರದೋ ಮಣೆಯ ಆರಿದ ಬತ್ತಿ ಹಚ್ಚತೊಡಗಿದ.

ಅಷ್ಟರಲ್ಲಿ ಸೊಲ್ಮೆಯ ಎಡೆ ಮುಗಿಯುತ್ತ ಬಂದಿತ್ತು. ಬೊಂಡಾಸ್, ಅನ್ನ, ಒಂದು ಬಟ್ಟಲು ಸಾರಾಯಿ. ಎರಡು ಸಲ ನೆಲಕ್ಕೆ ಹಣೆ ಮುಟ್ಟಿಸಿದಳು. ಎದ್ದು ನಿಂತು ಉತ್ತರಕ್ಕೆ ತಿರುಗಿ ಕೂಗಿದಳು.

“ರಿ ಗಿಲ್‌ಸೊಪ್! ಅಪ್ಪಾ, ಉಣ್ಣಿ!”

ಪಕ್ಕದ ಮಣೆಯ ಅಜ್ಜಿ ಅವಳ ಸೆರಗಿನಂಥ ಮೇಲುಬಟ್ಟೆ ಜಗ್ಗಿದಳು. “ಮೆಲ್ಲಗೆ ತಾಯಿ. ಪೊಲೀಸರು ಇದಾರೆ. ಇ ಅಂತ ಕರೆದ್ರೂ ಅಪ್ಪನಿಗೆ ಗೊತ್ತಾಗಲ್ವಾ?”

“ಗೊತ್ತಾಗಲ್ಲ ಅಜ್ಜಿ. ಅವರು ದೂರ ಇದಾರೆ, ಗಟ್ಟಿಯಾಗಿ ಕರೀಬೇಕು. ಬೇರೆ ಹೆಸರು ಹಿಡಿದು ಕರೆದ್ರೆ ಬೇರೆಯವರ ಅಪ್ಪ ಬಂದು ಉಂಡು ಹೋಗ್ತಾರೆ.” ಮತ್ತೆ ಕೂಗಿದಳು, ಮೊದಲಿಗಿಂತ ಜೋರಾಗಿ. “ರಿ ಗಿಲ್‌ಸೊಪ್!”

ಇಲ್ಲಿಗೆ ಬಂದಾಗ ಕಚೇರಿಯವರು ಅವಳ ಗುರುತಿನ ಚೀಟಿಯಲ್ಲಿ ಇ ಎಂದು ಬರೆದರು. ಹೋಟೆಲಿನವರು ಇ ಎಂದರು, ಕೇರಿಯೆಲ್ಲ ಇ ಎಂದಿತು. ನಾನೂ ಸೊಲ್ಮೆ ಎಂದು ಕರೆದು ಆ ಗೊಡವೆಯಿಂದ ಪಾರಾಗಿದ್ದೆ. ಅವಳ ಬಾಯಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ಅವಳ ಹೆಸರು ಪೂರ್ತಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಗ್ವಾಕ್ ಅವಳ ತೋಳು ಹಿಡಿದ. “ಸಾಕು. ಎಡೆ ಮುಗೀತು, ನಡಿ.”

“ಬಿಡೋ,” ನಾನು ಅಡ್ಡ ಬಂದೆ. “ಆ ಅಕ್ಷರ ಇವಳ ಬಾಯಲ್ಲಿ ಮಾತ್ರ ಇದೆ ಅನ್ನೋದೇ ನಿನ್ನ ಕೇಸು. ಈಗ ತಾನೇ ಇನ್ನೊಂದು ಬಾಯಿಂದ ಕೇಳಿದೆ. ಇನ್ನೇನು ಉಳೀತು?”

“ಹೆಸರು ಉಳೀತು ಅಕ್ಕ. ಆ ಮೂರನೆಯವನು ಯಾರು ಅಂತ ಗೊತ್ತಾಗಲಿ, ಇವಳನ್ನ ಬಿಡೋದು ಆಮೇಲೆ. ಗೊತ್ತಾಗದಿದ್ರೆ ನನಗೆ ಇವಳೇ ಗತಿ.”

“ನೋಡಿದ್ರಾ ಅಕ್ಕ,” ಸೊಲ್ಮೆ ಹೇಳಿದಳು. ಅವಳ ಕಣ್ಣು ತುಂಬಿತ್ತು, ಗಲ್ಲ ಮಾತ್ರ ಮೇಲೆಯೇ ಇತ್ತು. “ನನ್ನದೇ ನಾಡಿನಲ್ಲಿ ಊಟ ಇರಲಿಲ್ಲ, ಹೆಸರಿತ್ತು. ಇಲ್ಲಿ ಊಟ ಇದೆ. ಹೆಸರೂ ಇಟ್ಕೋತೀನಿ ಅಂದ್ರೆ ದುರಾಸೆ ಅಂತಾರೆ. ದುರಾಸೆನೇ ಅಂದ್ಕೊಳ್ಳಿ. ಜೈಲಲ್ಲೂ ಹಾಜರಿ ಕೂಗುವಾಗ ರಿ ಅನ್ನದಿದ್ರೆ ನಾನು ಓ ಅನ್ನಲ್ಲ.”

ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅದೇ ಹೊತ್ತಿಗೆ ಮಾತು ಇಲ್ಲಿಗೇ ನಿಲ್ಲಲಿ, ಆ ಮೂರನೆಯ ಹೆಸರು ಮಣ್ಣಾಗಲಿ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಆಗುವ ಹಾಗಿರಲಿಲ್ಲ. ಒಂದು ಹೆಸರು ಸಿಕ್ಕಿದರೆ ಮಾತ್ರ ಅವಳು ಮನೆಗೆ ಹೋಗುತ್ತಾಳೆ.

ತೆಪ್ಪ ದಡಕ್ಕೆ ತಾಗಿ ಢಬ್ ಎಂದಿತು. ಜನ ಇಳಿದರು. ಕೊನೆಗೆ ಅಪ್ಪ ಇಳಿದರು, ಕೈಯಲ್ಲಿ ಕೊಕ್ಕೆ. ಹಗ್ಗ ಎಳೆದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನೇರ ನಮ್ಮ ಕಡೆಗೇ ಬಂದರು.

ಪ್ಯೊ ಚಿಕ್ಕಪ್ಪ ಎದ್ದು ನಿಂತ. “ಮಾ, ಹೋಗು,” ಎಂದ ನಮ್ಮ ಮನೆತನದ ಹೆಸರು ಹಿಡಿದು. “ಆಚೆ ದಡದಲ್ಲಿ ಜನ ಕಾಯ್ತಿದಾರೆ. ಹೋಗೋ.”

ಅಪ್ಪ ಅವನ ಭುಜದ ಮೇಲೆ ಒಂದು ಕ್ಷಣ ಕೈ ಇಟ್ಟು ಮುಂದೆ ನಡೆದರು. ಕೊಕ್ಕೆಯನ್ನು ಗ್ವಾಕ್‌ನ ಬೂಟಿನ ಮುಂದೆ ನೆಲಕ್ಕೆ ಹಾಕಿದರು.

“ರಿ ಸೊಲ್ಮೆಯನ್ನ ಬಿಡಿ,” ಎಂದರು.

ದನಿ ಜೋರಾಗಿರಲಿಲ್ಲ. ಆದರೆ ಆ ರಿಯುಲ್ ಕಲ್ಲಿಗೆ ಬಿದ್ದ ನಾಣ್ಯದ ಹಾಗೆ ಸ್ಪಷ್ಟವಾಗಿತ್ತು. ಸೊಲ್ಮೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ಹೊತ್ತು ಅಳದವಳು ಆಗ ಅತ್ತಳು.

ಮೂವತ್ತು ವರ್ಷ ಒಂದೇ ಮನೆಯಲ್ಲಿ ಊಟ ಮಾಡಿದ್ದೇನೆ. ಹೂಂ, ಊಹೂಂ ಎಂಬ ಎರಡು ಮಾತಿನ ಹಿಂದೆ ಇಂಥ ನಯವಾದ, ತಗ್ಗಿದ ದನಿ ಇದೆಯೆಂದು ನನಗೆ ತಿಳಿದಿರಲಿಲ್ಲ. ಆದರೂ ಅದನ್ನು ನಾನು ಅವತ್ತೇ ಬೆಳಗ್ಗೆ, ಹೋಟೆಲಿನ ಅಡುಗೆಮನೆಯಲ್ಲಿ, ಗ್ವಾಕ್‌ನ ಟೇಪಿನಿಂದ, ಮತ್ತೆ ಮತ್ತೆ ಕೇಳಿದ್ದೆ.

ಗ್ವಾಕ್‌ನ ಕೈ ಸೊಲ್ಮೆಯ ತೋಳಿನ ಮೇಲೆ ಸಡಿಲವಾಯಿತು, ಪೂರ್ತಿ ಬಿಡಲಿಲ್ಲ. “ತಾತ, ನೀವು ಮನೆಗೆ ಹೋಗಿ,” ಎಂದ ನನ್ನ ಮುಖ ನೋಡುತ್ತ. “ಇದನ್ನೆಲ್ಲ ನಾಳೆ ಮಾತಾಡೋಣ.”

“ರೇಇಲ್ ಅಲ್ಲ,” ಎಂದರು ಅಪ್ಪ. “ಇವತ್ತೇ.”